ಯಾರ ಒಲೆಯ ಸಾರು?

ಡಾರ್ಕಸ್,

"ಪ್ರೀತಿಯ ತಂಗಿಗೆ" ಎಂದು ಬರೆಯಲು ಕೈ ಏಳುತ್ತಿಲ್ಲ, ಬರಿಯ ಹೆಸರೇ ಸಾಕು. ಸುತ್ತಿಬಳಸದೆ ಕೇಳುತ್ತೇನೆ. ಕಳೆದ ಚಳಿಗಾಲದಲ್ಲಿ ನಿನ್ನ ಭಾವ ಆಂಬ್ರೋಸ್ ಜ್ವರದಲ್ಲಿ ಬಿದ್ದಿದ್ದಾಗ ದಿನಾ ಮಧ್ಯಾಹ್ನ ತವರದ ಡಬ್ಬಿಯಲ್ಲಿ ಕುರಿಮಾಂಸದ ಸಾರು ತರುತ್ತಿದ್ದೆಯಲ್ಲ, ಅದು ಯಾರ ಒಲೆಯದು?

ಆಗಲೂ ಕೇಳಿದ್ದೆ. ಜಾಯಿಕಾಯಿ ಹಾಕಿದ ಸಾರು, ತಳದಲ್ಲಿ ತುಂಡು ತುಂಡು ಮಾಂಸ. ಅಡುಗೆಯವಳ ಸಂಬಳದಲ್ಲಿ ಅದೆಲ್ಲ ಬರುತ್ತದೆಯೇ ಎಂದು ನನ್ನ ತಲೆಯಲ್ಲಿ ಅಂದೇ ಹುಳ ಹೊಕ್ಕಿತ್ತು. ನೀನು ನಕ್ಕುಬಿಟ್ಟೆ. "ಅಕ್ಕಾ, ನಿಂಗೆ ಅನುಮಾನದ ಕಾಯಿಲೆ ಕಣೇ. ಭಾವ ಕುಡೀಲಿ ಬಿಡು, ಆಮೇಲೆ ನಿನ್ನ ವಿಚಾರಣೆ" ಎಂದೆ. ಹೌದಮ್ಮ, ನಾನು ಅನುಮಾನದವಳೇ. ಹಾಲಿನವಳು ನಗುತ್ತಾ ಬಂದರೆ ನೀರು ಬೆರೆಸಿದ್ದಾಳೆಂದು ಮೊದಲು ಬೆರಳು ಅದ್ದಿ ನೋಡುವವಳು. ಏನೀಗ? ನಿನ್ನನ್ನು ಕೆಲಸಕ್ಕಿಟ್ಟುಕೊಂಡಿರುವ ವಕೀಲ ಟ್ರಿವೆಟ್‌ನ ಮನೆಯಲ್ಲಿ ಎಲ್ಲರೂ ನಗುತ್ತಲೇ ಇರುತ್ತಾರೆ.

ಮುಂದಿನ ವಾರ ಮತ ಹಾಕುವುದಿದೆ. ಲಂಡನ್ನಿನಿಂದ ಒಬ್ಬ ಸಕ್ಕರೆ ವ್ಯಾಪಾರಿ ಬಂದು ನಿಂತಿದ್ದಾನೆ, ಅವನ ಪರವಾಗಿ ಊರೆಲ್ಲ ಓಡಾಡುತ್ತಿರುವುದು ನಿನ್ನ ಯಜಮಾನನೇ. ನೇಕಾರರಾದ ನಾವು ಬಟ್ಟೆ ಒಣಹಾಕುವ ಬಯಲಿಗೆ ಬೇಲಿ ಹಾಕಿಸಬೇಕೆಂದು ಅವರಿಬ್ಬರ ಲೆಕ್ಕಾಚಾರ. ಆದ್ದರಿಂದ ನಮ್ಮ ಬೀದಿಯ ಒಂದು ಮತವೂ ಅವನಿಗೆ ಬೀಳುವುದಿಲ್ಲ. ಅದು ಟ್ರಿವೆಟ್‌ಗೂ ಗೊತ್ತು.

ನಮ್ಮೂರಿನ ಕ್ರಮ ನಿನಗೆ ಹೇಳಿಕೊಡಬೇಕೇ? ಬೇರೆ ಕಡೆ ಜಮೀನಿದ್ದವನಿಗೆ ಮತ. ಇಲ್ಲಿ ತನ್ನ ಒಲೆಯ ಮೇಲೆ ತನ್ನ ಗಡಿಗೆ ಕುದಿಸಿಕೊಂಡು ತಿನ್ನುವ ಯಾವ ಗಂಡಸಿಗಾದರೂ ಉಂಟು. ಆದರೆ ಆ ವರ್ಷದಲ್ಲಿ ಒಮ್ಮೆ ಧರ್ಮದ ಕೂಳು ತಿಂದರೂ, ಧರ್ಮಕ್ಕೆ ಏನು ಪಡೆದರೂ ಮತದ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಾರೆ. ಮತದ ದಿನ ಎಲ್ಲರಿಗೂ ಕಾಣಲೆಂದು ಅಪ್ಪ ನಮ್ಮ ಕಬ್ಬಿಣದ ಗಡಿಗೆಯನ್ನು ಬೀದಿಗೇ ತಂದು ಕುದಿಸುತ್ತಿದ್ದುದು ನೆನಪಿದೆಯಾ? ನಾವಿಬ್ಬರೂ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತಾ ಬೆಂಕಿ ಊದುತ್ತಿದ್ದೆವು. ಅಪ್ಪ ಸೌಟು ಹಿಡಿದು ರಾಜನ ಹಾಗೆ ನಿಂತು, "ನೋಡ್ರಪ್ಪಾ, ಇದ್ರಲ್ಲಿ ಬೇಯ್ತಿರೋದು ಬರೀ ಎಲೆಕೋಸಲ್ಲ, ನನ್ನ ಮರ್ಯಾದೆ" ಎನ್ನುತ್ತಿದ್ದ. ವರ್ಷವಿಡೀ ದೊಡ್ಡವರ ಮುಂದೆ ಟೋಪಿ ತೆಗೆಯುವ ನಮ್ಮ ಬಾಗಿಲಿಗೆ ಆ ವಾರ ಅವರೇ ಟೋಪಿ ತೆಗೆದು ಬರುತ್ತಿದ್ದರು. ಆಂಬ್ರೋಸ್‌ಗೆ ಜಗತ್ತಿನಲ್ಲಿ ಸ್ವಂತದ್ದೆಂದು ಇರುವುದು ಆ ಒಂದು ವಾರವೇ.

ಶನಿವಾರ ಸಂತೆಯಲ್ಲಿ ನಿನ್ನ ಯಜಮಾನ ಎದುರಾದ. ಜನರ ನಡುವೆ ನಿಂತು, "ಏನಯ್ಯಾ ಆಂಬ್ರೋಸ್, ಮೈ ತುಂಬ್ಕೊಂಡಿದೀಯಲ್ಲ! ನಮ್ಮನೆ ಸಾರು ಚೆನ್ನಾಗಿ ಹಿಡೀತು ಅನ್ಸುತ್ತೆ" ಎಂದು ಬೆನ್ನು ತಟ್ಟಿ ಹೋದ. ನಿನ್ನ ಭಾವನ ಮುಖ ಸುಣ್ಣವಾಯಿತು. ಈಸ್ಟರ್ ಆದ ಮೇಲೆ ನೀನು ನಮ್ಮ ಮನೆಗೆ ಕಾಲಿಟ್ಟಿಲ್ಲ. ದಾರಿಯಲ್ಲಿ ನನ್ನನ್ನು ಕಂಡರೆ ಆಚೆ ಬದಿಗೆ ಹೋಗುತ್ತೀಯ. ನಿನ್ನನ್ನು ಮನೆಯ ಮೇಲ್ವಿಚಾರಕಿ ಮಾಡುತ್ತಾರಂತೆ, ಬೀಗದ ಕೈ ಗೊಂಚಲು ನಿನ್ನ ಸೊಂಟಕ್ಕೆ ಬರುತ್ತದಂತೆ. ಸಾರಿಗೆ ಸಿಕ್ಕ ಕೂಲಿಯೇ ಅದು? ಅಕ್ಕನ ಗಂಡನ ಮರ್ಯಾದೆಯನ್ನು ಸೌಟಿನಲ್ಲಿ ಅಳೆದು ಕೊಟ್ಟೆಯಾ ಡಾರ್ಕಸ್?

ಇಷ್ಟನ್ನು ನಿನ್ನೆ ಬರೆದಿದ್ದೆ. ಕಾಗದ ಹಾಳು ಮಾಡುವಷ್ಟು ಸಿರಿವಂತಳಲ್ಲ, ಹಾಗಾಗಿ ಅಳಿಸದೆ ಮುಂದುವರಿಸುತ್ತಿದ್ದೇನೆ. ಓದಿ ನಿನಗೆ ಸಂಕಟವಾದರೆ ಆಗಲಿ, ನನಗೂ ಆಗಿದೆ.

ಇವತ್ತು ಪಕ್ಕದ ಮನೆಯ ಮುದುಕ ಗಿಡಿಯನ್ ಬಂದು ಬಾಗಿಲಲ್ಲಿ ಕುಸಿದು ಕೂತ. ಅವನ ಹೆಸರು ಹೊಡೆದುಹಾಕಿದರಂತೆ. ಕ್ರಿಸ್‌ಮಸ್ಸಿನಲ್ಲಿ ಟ್ರಿವೆಟ್ ಒಂದು ಕಂಬಳಿ ಕಳಿಸಿದ್ದ, ಅದು ಧರ್ಮವಾಯಿತು. "ಚಳಿಗೆ ಸತ್ತಿದ್ರೆ ಮತ ಇದ್ದ ಗಂಡಸಾಗಿ ಸಾಯ್ತಿದ್ನಲ್ಲಮ್ಮಾ" ಎಂದು ಅತ್ತ. ಕೊನೆ ಮನೆಯ ಕ್ಲೆಮೆಂಟ್‌ನದೂ ಹೋಯಿತು, ಅವನಿಗೆ ಬಂದದ್ದು ಕಲ್ಲಿದ್ದಲು. ಚಳಿಗಾಲದಲ್ಲಿ ಹಂಚಿದ ಕರುಣೆಯನ್ನೆಲ್ಲ ಈಗ ಒಂದೊಂದಾಗಿ ವಸೂಲಿ ಮಾಡುತ್ತಿದ್ದಾನೆ, ಪಾಪಿ.

ಕಂಬಳಿ ಹೇಗೆ ಬಂತು ಎಂದು ಗಿಡಿಯನ್‌ನನ್ನು ಸುಮ್ಮನೆ ಕೇಳಿದೆ. "ಹೇಗೆ ಅಂದ್ರೆ? ಮೆರವಣಿಗೆ ಥರ ಬಂತು! ಹಾಡುಹಗಲಲ್ಲಿ, ಮುಂದಿನ ಬೀದೀಲಿ, ಗಾಡಿ ಹೊಡೆಯೋನು, ಗುಮಾಸ್ತ, ಇಬ್ರೂ ಕೂಗಿ ಕರೆದು ಕೊಟ್ರು. ಅವ್ರೇ ಈಗ ಸಾಕ್ಷಿ" ಎಂದ.

ಅವನು ಎದ್ದು ಹೋದ ಮೇಲೂ ನಾನು ಅಲ್ಲೇ ನಿಂತಿದ್ದೆ. ಕಂಬಳಿ ಮುಂದಿನ ಬೀದಿಯಲ್ಲಿ ಬಂತು. ಕಲ್ಲಿದ್ದಲೂ ಮುಂದಿನ ಬೀದಿಯಲ್ಲೇ. ನಿನ್ನ ಸಾರು ಮಾತ್ರ ಹಿತ್ತಲ ಓಣಿಯಿಂದ, ಏಪ್ರನ್ನಿನ ಅಡಿಯಲ್ಲಿ. ಬಾಗಿಲು ಹಾಕಿದ ಮೇಲೆಯೇ ನೀನು ಡಬ್ಬಿ ಹೊರಗೆ ತೆಗೆಯುತ್ತಿದ್ದೆ. "ಬೇಗ ಅಕ್ಕಾ, ಬೇಗ, ತೊಳ್ದು ಕೊಡು, ಅವ್ರು ಊಟಕ್ಕೆ ಕೂರೋದ್ರೊಳಗೆ ಡಬ್ಬಿ ಮತ್ತೆ ಅಡುಗೆಮನೆ ಮೊಳೇಲಿ ತೂಗ್ತಿರ್ಬೇಕು" ಎಂದು ತುದಿಗಾಲಲ್ಲಿ ನಿಲ್ಲುತ್ತಿದ್ದೆ. ಒಮ್ಮೆ ಬಿಸಿ ಸಾರು ಚೆಲ್ಲಿ ನಿನ್ನ ತೊಡೆ ಸುಟ್ಟಿತ್ತು, ಆದರೂ ಕಮಕ್ ಕಿಮಕ್ ಅನ್ನಲಿಲ್ಲ. ಯಜಮಾನ ಕೊಟ್ಟು ಕಳಿಸಿದ್ದನ್ನು ಯಾರಾದರೂ ಹಾಗೆ ತರುತ್ತಾರೆಯೇ?

ಅಯ್ಯೋ ಹುಚ್ಚು ಹುಡುಗಿ. ಕದ್ದೆಯಾ?

ಹಾಲಿನವಳನ್ನು ಬಿಡದವಳು ನಾನು, ಇದೊಂದನ್ನು ಅನುಮಾನಿಸಲಿಲ್ಲವಲ್ಲ. ಈಗ ನನಗೆ ಟ್ರಿವೆಟ್‌ನ ಆಟವೂ ಕಾಣುತ್ತಿದೆ. ಅವನಿಗೆ ಎಂದೋ ಗೊತ್ತಾಗಿದೆ. ಗೊತ್ತಾಗಿಯೂ ಬಾಯಿ ಬಿಡದೆ ಇದ್ದಾನೆ ಎಂದರೆ ಕರುಣೆಯಿಂದಲೇ? ಅವನಿಗೆ ಕರುಣೆ ಎಂಬುದು ಎಷ್ಟಿದೆ ಎಂದು ಗಿಡಿಯನ್ ಹೇಳುತ್ತಾನೆ. ಮತದ ದಿನ ಎಲ್ಲರೆದುರು ನಿನ್ನಿಂದ ಬೈಬಲ್ ಮುಟ್ಟಿಸಿ, ಆ ಸಾರು ತಾನೇ ಕೊಟ್ಟು ಕಳಿಸಿದ್ದೋ ಅಲ್ಲವೋ ಎಂದು ಕೇಳುತ್ತಾನೆ. ಹೌದು ಎಂದರೆ ನಿನ್ನ ಭಾವನ ಹೆಸರು ಹೋಯಿತು. ಇಲ್ಲ ಎಂದರೆ ನೀನು ಯಜಮಾನನ ಅಡುಗೆಮನೆಯ ಕಳ್ಳಿ. ಕದ್ದ ಕೆಲಸದವಳನ್ನು ಸಮುದ್ರದಾಚೆಗೆ ಸಾಗಿಸುತ್ತಾರೆ, ಅಲ್ಲಿಂದ ತಿರುಗಿ ಬಂದವರನ್ನು ನಾನು ಕಂಡಿಲ್ಲ. ಬೀಗದ ಕೈ ಗೊಂಚಲು ತೋರಿಸಿ ಅವನು ನಿನ್ನ ಕೈಗೆ ಕೋಳ ಹಾಕಿದ್ದಾನೆ. ನೀನು ರಸ್ತೆ ದಾಟಿ ಹೋಗುತ್ತಿದ್ದುದು ಅದಕ್ಕೇ ಅಲ್ಲವೇ?

ನಿನ್ನ ಭಾವನಿಗೆ ಹೇಳಿದೆ. ಮಗ್ಗ ನಿಂತಿತು, ಲಾಳಿ ಕೈಯಲ್ಲೇ ಉಳಿಯಿತು. "ಅವ್ಳು ಕದೀದೇ ಇದ್ದಿದ್ರೆ ನಾನು ಮಣ್ಣಡಿ ಇರ್ತಿದ್ದೆ. ಅಲ್ಲಿಗ್ ಬಂದು ಮತ ಕೇಳ್ತಾರೇನೇ? ಹೊಡೆದಾಕ್ಲಿ ಬಿಡು ಹೆಸ್ರು" ಎಂದು ನಗಲು ನೋಡಿದ. ಆಮೇಲೆ ಎಷ್ಟು ಹೊತ್ತಾದರೂ ಮಗ್ಗದ ಸದ್ದಿಲ್ಲ. ಹಿತ್ತಲಿಗೆ ಹೋಗಿ ನೋಡಿದರೆ ಅಪ್ಪನ ಗಡಿಗೆಯನ್ನು ಮಡಿಲಲ್ಲಿಟ್ಟುಕೊಂಡು ಮರಳು ಹಾಕಿ ಉಜ್ಜುತ್ತಿದ್ದ. ಕಣ್ಣು ಕೆಂಪಾಗಿತ್ತು. ನಾನು ಒಳಗೆ ಬಂದು ಈ ಕಾಗದವನ್ನು ಮುಂದೆ ಎಳೆದುಕೊಂಡೆ.

ಹಾಗಾಗಿ ಕೇಳಿಸಿಕೋ. ಅವರು ಕೇಳಿದಾಗ ಹೌದು ಅನ್ನು. ಯಜಮಾನರು ಧರ್ಮಕ್ಕೆ ಕೊಟ್ಟರು ಅನ್ನು, ಗಟ್ಟಿಯಾಗಿ ಅನ್ನು. ನಮ್ಮ ಕಡೆ ನೋಡಲೇಬೇಡ, ನೋಡಿದರೆ ನಿನ್ನ ಬಾಯಿಂದ ನಿಜ ಜಾರಿಬಿಡುತ್ತದೆ. ಸುಳ್ಳು ಆಣೆಯ ಪಾಪ ನನ್ನ ತಲೆಗಿರಲಿ, ದೇವರ ಹತ್ತಿರ ಆ ವಿಚಾರಣೆ ನಾನು ಎದುರಿಸುತ್ತೇನೆ. ಬಯಲಿಗೆ ಬೇಲಿ ಬಿದ್ದರೆ ಬೀಳಲಿ, ಗೋಡೆಯ ಮೇಲೆ ಬಟ್ಟೆ ಒಣಗಿಸೋಣ. ಇನ್ನೊಬ್ಬ ತಂಗಿಯನ್ನು ನಾನು ಎಲ್ಲಿಂದ ತರಲಿ?

ಮೊಟ್ಟೆ ಮಾರುವ ಪ್ರೂ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ಅವಳಿಗೆ ಓದು ಬಾರದು, ಆದರೂ ನಾಲ್ಕೂ ಕಡೆ ಅಂಟಿಸಿದ್ದೇನೆ. ಓದಿದ ತಕ್ಷಣ ಟ್ರಿವೆಟ್‌ನ ಒಲೆಗೇ ಹಾಕು. ಪೂರ್ತಿ ಉರಿಯುವವರೆಗೂ ಅಲ್ಲಿಂದ ಅಲುಗಬೇಡ.

ಹೆಸರು ಇರಲಿ ಬಿಡಲಿ, ಮತದ ದಿನ ನಮ್ಮ ಗಡಿಗೆ ಬೀದಿಯಲ್ಲೇ ಕುದಿಯುತ್ತದೆ. ಸಾಕ್ಷಿ ಹೇಳಿ ಮುಗಿದ ಮೇಲೆ ಬಾ. ಹಿತ್ತಲ ಓಣಿಯಿಂದಲ್ಲ, ಮುಂದಿನ ಬೀದಿಯಿಂದ, ಕೈ ಬೀಸಿಕೊಂಡು ಬಾ. ಜನ ಏನಾದರೂ ಅಂದುಕೊಳ್ಳಲಿ, ಮೊದಲ ಬಟ್ಟಲು ನಿನಗೇ ಬಡಿಸುತ್ತೇನೆ. ನಮ್ಮದರಲ್ಲಿ ಜಾಯಿಕಾಯಿ ಇರುವುದಿಲ್ಲ.

ದೇವರು ನಿನ್ನ ಕೈಗಳನ್ನು ಕಾಯಲಿ, ನನ್ನ ಪ್ರೀತಿಯ ತಂಗಿ.

ನಿನ್ನ ಅನುಮಾನದ ಅಕ್ಕ,
ಟಾಮ್ಸಿನ್