ಮೂರನೆಯ ಬಾಲವಾಡಿ

ಪಟ್ಟಾಭಿರಾಮ್ ಬಡಾವಣೆ
ಶನಿವಾರ

ಸೊಸೆ ಪೊನ್ಮಣಿಗೆ ಮಾವನ ಆಶೀರ್ವಾದ.

ನಮ್ಮ ಸೆಲ್ವಿಯ ಮಗಳು ಯಾಳಿನಿಗೆ ಮೂರು ತುಂಬಿತು. "ಅಪ್ಪಾ, ಹತ್ತಿರದ ಮೂರೂ ಸರ್ಕಾರಿ ಬಾಲವಾಡಿ ನೋಡ್ಕೊಂಡು ಬಾ. ಅತ್ತಿಗೆ ಟೀಚರಾಗಿರೋದನ್ನ ಮಾತ್ರ ಬಿಟ್ಟು ಬರಬೇಡ" ಎಂದಳು ಸೆಲ್ವಿ. ಹೋದೆ.

ನೀರಿನ ಟ್ಯಾಂಕಿನ ಪಕ್ಕದ್ದು ಹೊಸ ಕಟ್ಟಡ. ನೆಲಕ್ಕೆ ಟೈಲ್ಸ್, ಗೋಡೆ ತುಂಬ ನವಿಲು. ಮಕ್ಕಳು ಮಾತ್ರ ತುಟಿ ಬಿಚ್ಚದೆ ಕೂತಿದ್ದರು. ಸ್ಟೇಷನ್ ಹಿಂದಿನದರಲ್ಲಿ ಪಾಠ ಜೋರು. ಆದರೆ ಚಡ್ಡಿ ಒದ್ದೆ ಮಾಡಿಕೊಂಡ ಮಗುವೊಂದು ಮೂಲೆಯಲ್ಲಿ ಅಳುತ್ತ ನಿಂತಿತ್ತು.

ನಿನ್ನದು ಶೀಟಿನ ಸೂರು. ಕಿಟಕಿಯ ಹೊರಗೆ ನಿಂತಿದ್ದೆ, ನೀನು ನೋಡಲಿಲ್ಲ. ಅಲ್ಲೂ ಒಂದು ಮಗು ಒದ್ದೆ ಮಾಡಿಕೊಂಡಿತು. ನೀನು ಹಾಡು ನಿಲ್ಲಿಸದೆಯೇ ಅದನ್ನೆತ್ತಿಕೊಂಡು ಹೋಗಿ, ಬೇರೆ ಚಡ್ಡಿ ಹಾಕಿ ತಂದು ಕೂರಿಸಿದೆ. ಉಳಿದ ಮಕ್ಕಳಿಗೆ ಗೊತ್ತೇ ಆಗಲಿಲ್ಲ.

"ಕಂಡೋರ ಮಕ್ಕಳ ಚಡ್ಡಿ ತೊಳೆಯೋ ಕೆಲಸ ನಮ್ಮ ಸೊಸೆಗೆ ಬೇಡ" ಎಂದು ನಾಲ್ಕು ವರ್ಷದ ಹಿಂದೆ ಕೂಗಾಡಿ, ನೀನೂ ನನ್ನ ಮಗನೂ ಬೇರೆ ಮನೆ ಮಾಡುವಂತೆ ಮಾಡಿದವನು ನಾನೇ.

ಗೇಟಿನ ಬಳಿ ಮೊಮ್ಮಗಳಿಗಾಗಿ ಕಾಯುತ್ತಿದ್ದ ಅಜ್ಜಿಯೊಬ್ಬಳು ಗದರಿದಳು: "ಏನ್ರೀ, ಹಂಗೆ ನೋಡ್ತಾ ನಿಂತ್ರಿ? ಟೀಚರಮ್ಮ ನಿಮಗೇನಾಗ್ಬೇಕು?"

"ನನ್ನ ಸೊಸೆ" ಎಂದೆ. ಕೇಳುವವರಿದ್ದರೆ ಇನ್ನೊಮ್ಮೆ ಹೇಳುತ್ತಿದ್ದೆ.

"ಹೌದಾ! ಬನ್ನಿ, ಕೂತ್ಕೊಳ್ಳಿ" ಎಂದು ಅವಳು ತಾನೆದ್ದು ಜಾಗ ಕೊಟ್ಟಳು.

ಸೋಮವಾರ ಯಾಳಿನಿಯನ್ನು ನಾನೇ ಕರೆತರುತ್ತೇನೆ. ಅರ್ಜಿ ತುಂಬಿಸಿಕೊಡು. ಹೆಚ್ಚಿಗೆ ಒಂದು ಜೊತೆ ಬಟ್ಟೆಯನ್ನೂ ಚೀಲದಲ್ಲಿಟ್ಟಿರುತ್ತೇನೆ. ನೀನು ಬೇಡವೆನ್ನದಿದ್ದರೆ, ಮಕ್ಕಳೆಲ್ಲ ಹೋದ ಮೇಲೆ ನಿನ್ನ ಜೊತೆ ನಿಮ್ಮ ಮನೆಗೂ ಬರುತ್ತೇನೆ. ನಾನಿನ್ನೂ ಅದನ್ನು ನೋಡಿಲ್ಲ.

ಇಂತಿ,
ನಿನ್ನ ಮಾವ
ತಂಗವೇಲು