ಬೀರುವಿನ ಖಾಲಿ ಜಾಗ

ಭಾನುವಾರ, ಬೆಳಿಗ್ಗೆ

ಮುದ್ದಿನ ಪುಟ್ಟಿಗೆ, ನಿನ್ನ ಜಗಳಗಂಟ ಅಣ್ಣನ ಆಶೀರ್ವಾದಗಳು.

ಒಂದು ವರ್ಷದಿಂದ ಮಾತು ಬಿಟ್ಟವನ ಕಾಗದ ಕಂಡು ಗಾಬರಿಯಾಗಬೇಡ. ಆರೋಗ್ಯವಾಗಿದ್ದೇನೆ. ನನ್ನ ಸಿಟ್ಟೂ ಆರೋಗ್ಯವಾಗಿದೆ.

ಇವತ್ತಿನ ಪತ್ರಿಕೆಯಲ್ಲಿ ಒಬ್ಬ ಮಹಾಶಯ ಬರೆದಿದ್ದಾನೆ: ಹೃದಯ ನಿಂತು, ಕ್ಯಾನ್ಸರ್ ಬಂದು, ರಸ್ತೆಯಲ್ಲಿ ಬಿದ್ದು ಸಾಯುವವರ ಮುಂದೆ ಗುಂಡೇಟಿಗೆ ಸಾಯುವವರು ಲೆಕ್ಕಕ್ಕೇ ಇಲ್ಲವಂತೆ, ಬಂದೂಕಿನ ಹಿಂದೆ ಯಾಕೆ ಬೀಳುತ್ತೀರಿ ಎಂದು. ಪಕ್ಕದಲ್ಲಿ ಸಾವಿನ ಲೆಕ್ಕ ತೋರಿಸುವ ಕಂಬಗಳ ಚಿತ್ರ. ಬಂದೂಕಿನ ಕಂಬ ಉಗುರಿನಷ್ಟು. ಮೈ ಉರಿದುಹೋಯಿತು. ಸೀಸದ ಅಚ್ಚುಮೊಳೆ ಜೋಡಿಸುವವರು ಗಾಳಿಗೆ ಒಂದು ಫ್ಯಾನು ಕೇಳಿದಾಗ ನಮ್ಮ ಪ್ರೆಸ್ಸಿನ ಮಾಲೀಕ ಹೇಳಿದ್ದೂ ಇದನ್ನೇ: "ಸೀಸಕ್ಕಿಂತ ಜ್ವರಕ್ಕೆ ಸಾಯೋರೇ ಜಾಸ್ತಿ ಕಣ್ರಯ್ಯಾ." ನಲವತ್ತು ವರ್ಷವಾದರೂ ನಾನದನ್ನು ಮರೆತಿಲ್ಲ.

ಸಂಪಾದಕರಿಗೆ ಉತ್ತರ ಬರೆಯಲು ಕುಳಿತೆ. ಮೂರನೆಯ ಸಾಲಿಗೆ ಪೆನ್ನು ನಿಂತಿತು. ಆ ಮಹಾಶಯನ ವಾದ ನನ್ನದೇ! ನಿನ್ನ ಅತ್ತಿಗೆ ತೀರಿಕೊಂಡ ತಿಂಗಳು, ಅಪ್ಪನ ಬಂದೂಕನ್ನು ಠಾಣೆಗೆ ಒಪ್ಪಿಸು ಎಂದು ನೀನು ಹಟ ಹಿಡಿದಾಗ ನಾನು ಇವೇ ಅಂಕಿಗಳನ್ನು ನಿನ್ನ ಮುಂದೆ ಹರಡಿದ್ದೆ. ನೀನು ಹೊಲಿಗೆ ಯಂತ್ರದಿಂದ ತಲೆ ಎತ್ತದೆ, "ಆಯ್ತಣ್ಣ, ರಸ್ತೇಲೇ ಜಾಸ್ತಿ ಜನ ಸಾಯ್ತಾರೆ. ಆದ್ರೆ ರಸ್ತೇನ ಬೀರುನಲ್ಲಿ ಇಟ್ಕೊಂಡು ಒಬ್ಬನೇ ಮನೇಲಿ ಯಾರೂ ಕೂರಲ್ವಲ್ಲ" ಅಂದೆ.

ಮರುದಿನ ನೀನು ಪೇದೆಯನ್ನೇ ಮನೆಗೆ ಕರೆತಂದೆ. ಬಂದೂಕು ಒಯ್ಯಲು ಅವನು ಬರೆದ ರಸೀದಿಯ ತಪ್ಪುಗಳನ್ನು ತಿದ್ದಿಯೇ ನಾನು ಸಹಿ ಹಾಕಿದೆ. ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದ ಕೈ ಸುಮ್ಮನಿರುತ್ತದೆಯೇ? "ನೋಡಿದ್ರಾ ಸಾರ್, ಸಾವಿನ ಮನೇಲೂ ಇವನಿಗೆ ಕಾಗುಣಿತ" ಎಂದು ನೀನು ನಕ್ಕೆ. ಆ ನಗು ನನಗೆ ಬೆಂಕಿಯಾಯಿತು. ಕೆಲವು ದಿನಗಳ ಮೇಲೆ ಒಂದು ಮಧ್ಯಾಹ್ನ ಫೋನು ಮಾಡಿ ನಿನ್ನನ್ನು ಬಾಯಿಗೆ ಬಂದಂತೆ ಬೈದೆ. ಅಲ್ಲಿಗೆ ಮಾತು ಮುಗಿಯಿತು.

ಇವತ್ತು ಆ ಚಿತ್ರದ ಅಡಿಯಲ್ಲಿ ಸಣ್ಣ ಅಕ್ಷರದ ಸಾಲೊಂದಿತ್ತು: ಎಷ್ಟೋ ದೇಶಗಳಲ್ಲಿ ಗುಂಡಿನ ಸಾವುಗಳಲ್ಲಿ ಬಹುಪಾಲು ಕೊಲೆಯಲ್ಲ, ಜನ ತಮ್ಮ ಕೈಯಾರೆ ತಂದುಕೊಂಡವು. ಮಹಾಶಯ ಅದನ್ನು ದಾಟಿ ಹೋಗಿದ್ದಾನೆ. ನನ್ನ ಕಣ್ಣು ದಾಟಲಿಲ್ಲ.

ಮೇಲಿನ ಮನೆಯ ಬಡಗಿ ಸಂಜೆ ಚದುರಂಗಕ್ಕೆ ಬರುತ್ತಾನೆ. ಸೋತರೆ ಹಲಗೆಯೇ ಡೊಂಕು ಅನ್ನುತ್ತಾನೆ. ಅದನ್ನು ಮಾಡಿದವನೂ ಅವನೇ. ನಿನ್ನ ಅತ್ತಿಗೆ ನೆಟ್ಟ ಮಲ್ಲಿಗೆ ಮತ್ತೆ ಚಿಗುರಿದೆ. ಇವನ್ನೆಲ್ಲ ನೋಡಲು ನಾನಿದ್ದೇನೆ. ನಿನಗೆ ಋಣಿಯಾಗಿದ್ದೇನೆ, ಪುಟ್ಟಿ. ಮುಂದಿನ ಭಾನುವಾರ ಬರುತ್ತೀಯಾ? ಬೈಯುವುದಿದ್ದರೆ ಬಂದು ಬೈದುಬಿಡು.

ಇಂತಿ,
ನಿನ್ನ ಅಣ್ಣ

ತಾ.ಕ.: ಆ ಮಧ್ಯಾಹ್ನ ಫೋನಿಗೆ ಮುಂಚೆ ನಾನು ಬೀರು ತೆರೆದಿದ್ದೆ. ಬಟ್ಟೆಗಾಗಿ ಅಲ್ಲ. ಬಂದೂಕು ಹೋಯಿತೆಂಬುದೇ ಮರೆತಿತ್ತು. ಖಾಲಿ ಜಾಗ ಕಂಡು ಬಂದ ಸಿಟ್ಟನ್ನೆಲ್ಲ ನಿನ್ನ ಮೇಲೆ ಸುರಿದೆ. ನೀನು ಫೋನು ಇಡಲಿಲ್ಲ. ನಾನು ಬೈದು ಬೈದು ದಣಿದ ಮೇಲೆ, "ಊಟ ಆಯ್ತಾ ಅಣ್ಣ?" ಎಂದು ನೀನು ಕೇಳಿದೆ. ನಾನು ಉತ್ತರ ಕೊಡದೆ ಫೋನು ಇಟ್ಟುಬಿಟ್ಟೆ. ಈಗ ಕೊಡುತ್ತಿದ್ದೇನೆ: ಆಯಿತು, ಪುಟ್ಟಿ. ಅಂದಿನಿಂದ ದಿನವೂ ಆಗುತ್ತಿದೆ.