ಮಸಿ ಎಳೆದ ಹೆಸರು

ಮೇ 9, ಮಂಗಳವಾರ. ಮೂರನೇ ಪಿರಿಯಡ್

ಹನ್ನೆರಡನೇ ತರಗತಿಗೆ ಲೆಕ್ಕ ಕೊಟ್ಟು ಕುಳಿತಿದ್ದೇನೆ. ನಿಶ್ಶಬ್ದ. ಈ ಶಾಲೆಯಿಂದಲೇ ನಿವೃತ್ತನಾದವನನ್ನು ಮತ್ತೆ ಕರೆದು ಕೂರಿಸಿದ್ದಾರೆ. ಗಣಿತದ ಮೇಡಂಗೆ ಹೆರಿಗೆ ರಜೆ. ಆಸ್ಟ್ರೇಲಿಯಾದ ಒಳನಾಡಿನ ಈ ಕೆಂಪು ಮಣ್ಣಿನ ಊರಿಗೆ ಬದಲಿ ಶಿಕ್ಷಕರು ಯಾರೂ ಬರಲೊಲ್ಲರು. ಒಂದು ಟರ್ಮ್ ಮಾತ್ರ ಎಂದಿದ್ದೇನೆ.

ಡ್ವೇಯ್ನ್ ಇಂದೂ ಪೆನ್ನಿಲ್ಲದೆ ಬಂದ. "ನಿಮ್ದು ಕೊಡಿ ಸಾರ್, ಒಂದ್ನಿಮಿಷ." ಕೊಡಲಿಲ್ಲ. ಈ ಪೆನ್ನನ್ನು ಯಾರಿಗೂ ಕೊಟ್ಟವನಲ್ಲ. ಒಂದು ಕೈಗೆ ಒಗ್ಗಿದ ನಿಬ್ಬು ಇನ್ನೊಂದು ಕೈಯಲ್ಲಿ ಕೆಡುತ್ತದೆ. "ಜಿಪುಣ ಮುದುಕಪ್ಪ" ಎಂದು ಗೊಣಗಿದ. ನನಗೆ ಕೇಳಿಸಲೆಂದೇ ಗೊಣಗಿದ್ದು.

ಹಾಜರಿಯಲ್ಲೊಂದು ಕಿರಿಕಿರಿ. ▇▇▇▇ (ಈ ಪುಟಗಳಲ್ಲಿ ಹೆಸರಿನ ಮೇಲೆ ಮಸಿ ಎಳೆದವನು ನಾನೇ. ಕಾರಣ ಇಪ್ಪತ್ತೆರಡನೇ ತಾರೀಕಿನ ಪುಟದಲ್ಲಿದೆ.) ಕರೆದರೆ ಉತ್ತರಿಸಲಿಲ್ಲ. ಕಿಟಕಿಯ ಪಕ್ಕ ಕುಳಿತೇ ಇದ್ದಳು. ಹೋದ ವಾರದವರೆಗೆ "ಹೂಂ ಸಾರ್" ಎಂದು ಗಟ್ಟಿಯಾಗಿ ಹೇಳುತ್ತಿದ್ದವಳು. ಇಂದು ಕಣ್ಣು ಡೆಸ್ಕಿನ ಮೇಲೆ. ಎರಡು ಸಲ ಕರೆದೆ. ಉತ್ತರ ಕೊಡದವರು ಗೈರುಹಾಜರು. ನಿಯಮ ಹೇಳಿ ಹಾಗೆಯೇ ಗುರುತು ಹಾಕಿದೆ.

"ಬಿಡಿ ಸಾರ್, ಅವಳ್ನ ಕರೀಬೇಡಿ" ಎಂದ ಡ್ವೇಯ್ನ್.

"ವಕಾಲತ್ತು ಬೇಡ" ಎಂದೆ.

ಯಾರೂ ನಗಲಿಲ್ಲ. ಇಂಥ ಸಂದರ್ಭದಲ್ಲಿ ನಗುವ ತರಗತಿ ಇದು.

ಮೇ 10, ಬುಧವಾರ

ಬುಧವಾರದ ಚಹಾ. ಸಿಬ್ಬಂದಿಯ ಕ್ಷೇಮಕ್ಕಂತೆ. ಪ್ರಿನ್ಸಿಪಾಲ್ ಪ್ಯಾಸ್ಕೋನ ಹೊಸ ಏರ್ಪಾಡು. ಕೇಕ್, ಬಲೂನು, ಗೋಡೆಯ ಮೇಲೆ 'ಉಸಿರಾಡಿ' ಎಂಬ ಭಿತ್ತಿಪತ್ರ. ಇಷ್ಟು ವರ್ಷ ಹೇಳಿಸಿಕೊಳ್ಳದೆಯೇ ಉಸಿರಾಡಿದ್ದೇನೆ. ಟರ್ಮ್ ಶುರುವಾದಾಗಿನಿಂದ ಒಮ್ಮೆಯೂ ಹೋಗಿಲ್ಲ. ಕಾರಿನಲ್ಲಿ ಕುಳಿತು ಮೊಸರನ್ನ ತಿಂದೆ. ಇಲ್ಲಿ ಮೇ ತಿಂಗಳಲ್ಲೇ ಚಳಿಗಾಳಿ. ಕಿಟಕಿ ಏರಿಸಿಕೊಂಡೆ.

ಮೇ 12, ಶುಕ್ರವಾರ. ಸಂಜೆ

ಮೂರನೇ ಸಲ. ▇▇▇▇ ಬಾಯಿ ಬಿಡಲಿಲ್ಲ. ಹೆಸರನ್ನು ಪೂರ್ತಿಯಾಗಿ ಬೋರ್ಡಿನ ಮೇಲೆ ಬರೆದೆ. "ಇದು ಯಾರ ಹೆಸರು?" ಎಂದು ಕೇಳಿದೆ. ಅವಳು ಬೋರ್ಡನ್ನು ನೋಡಲಿಲ್ಲ. ಪುಸ್ತಕ ಮುಚ್ಚಿದಳು. ಸಿಟ್ಟೆಂದು ತಿಳಿದೆ.

ಹೆಸರಿನ ವಿಷಯದಲ್ಲಿ ನಾನು ಸಡಿಲ ಬಿಡುವವನಲ್ಲ. ಇಲ್ಲಿಗೆ ಬಂದ ಮೊದಲ ವಾರವೇ ಆಗಿನ ಪ್ರಿನ್ಸಿಪಾಲ್ ಬೆನ್ನು ತಟ್ಟಿ, "ನಿಮ್ಮನ್ನ ರೂಡಿ ಅಂತ ಕರೀಲಾ?" ಎಂದಿದ್ದ. ಕೂಡದು ಎಂದೆ. ತಿಪ್ಪೇರುದ್ರಯ್ಯ. ಪೂರ್ತಿ ಹೇಳಬೇಕು. ಆರು ತಿಂಗಳಲ್ಲಿ ಹೇಳಿದರು. ನನಗೆ ಬೇಕಾದ ಮರ್ಯಾದೆಯನ್ನೇ ಮಕ್ಕಳಿಗೂ ಕೊಡುತ್ತಾ ಬಂದಿದ್ದೇನೆ. ಇಲ್ಲಿನ ಮೂಲನಿವಾಸಿ ಮಕ್ಕಳ ಹೆಸರುಗಳನ್ನು ಉಳಿದ ಶಿಕ್ಷಕರು ಅಗಿದು ಉಗಿಯುವಾಗ ನಾನು ಅಕ್ಷರ ಅಕ್ಷರವಾಗಿ ಕಲಿತೆ.

ಅದನ್ನೇ ಪ್ಯಾಸ್ಕೋ ಇಂದು ಹೇಳಿದ. ಈ ತಿಂಗಳ ಕೊನೆಗೆ ಸಾಮರಸ್ಯ ಸಪ್ತಾಹದ ಸಭೆ. "ವಿದ್ಯಾರ್ಥಿ ಸಮಿತಿಯ ಹೆಸರುಗಳನ್ನ ನೀವೇ ಓದ್ಬೇಕು ಸಾರ್. ನಿಮ್ಮ ಹಾಗೆ ಹೇಳೋರು ಯಾರಿದ್ದಾರೆ?" ಒಪ್ಪಿದೆ. ಹಿಗ್ಗಿದೆ ಎಂದೂ ಬರೆಯಬೇಕು.

ಸಮಿತಿಯ ಮುಂದಾಳು ಅದೇ ಹುಡುಗಿ.

ಮೇ 16, ಮಂಗಳವಾರ

ಕಿಟಕಿಯ ಪಕ್ಕದ ಕುರ್ಚಿ ಖಾಲಿ.

ಮೇ 18, ಗುರುವಾರ

ಖಾಲಿ. ವಿಜ್ಞಾನದ ತರಗತಿಗೆ ಹೋಗುತ್ತಾಳಂತೆ, ಇಂಗ್ಲಿಷಿಗೂ ಹೋಗುತ್ತಾಳಂತೆ. ನನ್ನ ಕೋಣೆಗೆ ಮಾತ್ರ ಇಲ್ಲ. ಇಪ್ಪತ್ತಾರಕ್ಕೆ ಟರ್ಮಿನ ಪರೀಕ್ಷೆ. ಅದನ್ನು ಬರೆಯದಿದ್ದರೆ ಗಣಿತದ ಅಂಕವಿಲ್ಲ, ಗಣಿತವಿಲ್ಲದೆ ಪ್ರಮಾಣಪತ್ರವಿಲ್ಲ. ಡಾರ್ವಿನ್ ನಗರದಲ್ಲಿ ನರ್ಸಿಂಗ್ ಓದುತ್ತೇನೆ ಎಂದು ಏಪ್ರಿಲ್‌ನಲ್ಲಿ ಅವಳೇ ಹೇಳಿದ್ದಳು. ಓದಬಲ್ಲಳು. ತರಗತಿಯಲ್ಲಿ ಹಂತ ಬಿಡದೆ ಲೆಕ್ಕ ಮಾಡುವವಳು ಅವಳೊಬ್ಬಳೇ.

ಸಿಟ್ಟು ಬರುತ್ತದೆ. ಯಾರ ಮೇಲೆಂದು ತಿಳಿಯುತ್ತಿಲ್ಲ.

ಮೇ 19, ಶುಕ್ರವಾರ

ಮಕ್ಕಳ ಅಭಿಪ್ರಾಯ ಸಂಗ್ರಹ ಬಂತು. ಶಿಕ್ಷಕರ ಬಗ್ಗೆ ಮಕ್ಕಳು ಹೆಸರು ಹಾಕದೆ ಬರೆಯುವುದು. ನನ್ನ ಕಾಲದಲ್ಲಿ ಇದಿರಲಿಲ್ಲ. ಓದುವುದಿಲ್ಲವೆಂದುಕೊಂಡೆ, ಓದಿದೆ.

'ವೇಗ ಜಾಸ್ತಿ.' ಒಪ್ಪುವುದಿಲ್ಲ. 'ಪೆನ್ ಕೊಡಲ್ಲ.' ಡ್ವೇಯ್ನ್. 'ಈ ಶಿಕ್ಷಕರಿಗೆ ನನ್ನ ಹೆಸರು ಗೊತ್ತು' ಎಂಬ ಪ್ರಶ್ನೆಗೆ ಇಡೀ ತರಗತಿ ಹೌದೆಂದಿದೆ. ಶಾಲೆಯಲ್ಲಿ ಬೇರೆ ಯಾರಿಗೂ ಹಾಗೆ ಬಂದಿಲ್ಲವಂತೆ. ಅದರ ಕೆಳಗೆ ಒಂದೇ ಒಂದು ಟಿಪ್ಪಣಿ:

'ನನ್ನ ಹೆಸರು ಇವರಿಗೆ ಗೊತ್ತು. ಅದೇ ತೊಂದರೆ.'

ಮೇ 20

ಅದೇ ತೊಂದರೆ — ಏನು ಹಾಗೆಂದರೆ?

ಮೇ 21

ಬಟ್ಟೆ ಒಗೆದೆ. ಅಂಗಳ ಗುಡಿಸಿದೆ. ಕುಳಿತಲ್ಲಿ ಕೂರಲಾಗುತ್ತಿಲ್ಲ. ಮಧ್ಯಾಹ್ನ ಮತ್ತೆ ಗುಡಿಸಿದೆ.

ಮೇ 22, ಸೋಮವಾರ

ವರ್ನಾ ಕೆಲಸಕ್ಕೆ ಮರಳಿದ್ದಾಳೆ. ಶಾಲೆಗೂ ಮೂಲನಿವಾಸಿ ಮನೆಗಳಿಗೂ ನಡುವೆ ಓಡಾಡುವವಳು. ಒಂದು ಕಾಲಕ್ಕೆ ನನ್ನ ಶಿಷ್ಯೆ. ಇಷ್ಟು ದಿನ ದೂರದ ಹಳ್ಳಿಯಲ್ಲಿ ಸಾವಿನ ಮನೆಯಲ್ಲಿದ್ದಳು. ಕಣ್ಣು ಇನ್ನೂ ಕೆಂಪು. ಟಿಪ್ಪಣಿ ತೋರಿಸಿದೆ. ಓದಿ, ಬಾಗಿಲು ಮುಚ್ಚಿದಳು.

"ಮೇಷ್ಟ್ರೇ, ತೀರ್ಕೊಂಡಿದ್ದು ಆ ಹುಡುಗೀ ದೊಡ್ಡಜ್ಜಿ. ಇವಳಿಗೆ ಇಟ್ಟಿದ್ದು ಅವರದೇ ಹೆಸರು."

ಮುಂದೆ ಹೇಳಬೇಕಾಗಿರಲಿಲ್ಲ. ಸತ್ತವರ ಹೆಸರನ್ನು ಇಲ್ಲಿ ಎತ್ತುವುದಿಲ್ಲ. ಅದೇ ಹೆಸರಿನವರು ಬದುಕಿದ್ದರೆ ಅವರನ್ನೂ ಆ ಹೆಸರಿನಿಂದ ಕರೆಯುವುದಿಲ್ಲ; ಶೋಕ ಕಳೆಯುವವರೆಗೆ, ಕೆಲವೊಮ್ಮೆ ವರ್ಷಗಟ್ಟಲೆ, ಕುಮಂಜಾಯ್ ಎನ್ನುತ್ತಾರೆ. ತಿಳಿಯದ ಸಂಗತಿಯೇ? ಹೊಸದಾಗಿ ಬಂದ ಶಿಕ್ಷಕರಿಗೆ ಇದನ್ನು ನಾನೇ ವಿವರಿಸಿ ಹೇಳಿದವನು.

"ಅವಳೇ ಹೇಳಬಹುದಿತ್ತಲ್ಲ, ವರ್ನಾ?"

"ಏನಂತ ಹೇಳ್ತಾಳೆ? ಯಾವ ಹೆಸರು ಎತ್ಬಾರ್ದು ಅಂತ ಹೇಳೋಕೆ ಆ ಹೆಸರೇ ಎತ್ಬೇಕಲ್ವಾ? ನೀವು ಬೇರೆ ಬೋರ್ಡ್ ಮೇಲೆ ಬರ್ದು ತೋರ್ಸಿದ್ರಂತೆ."

"ನನಗೆ ಯಾರೂ..."

"ಹೋಗೋಕ್ ಮುಂಚೆ ಬುಧವಾರದ ಚಹಾದಲ್ಲಿ ನಿಂತ್ಕೊಂಡು ಎಲ್ರಿಗೂ ಹೇಳಿದೀನಿ. ಕ್ಯಾಂಟೀನ್‌ನೋರಿಗೆ, ತೋಟದೋನಿಗೆ, ಎಲ್ರಿಗೂ. ಅಲ್ಲಿ ಬಂದೋರೆಲ್ಲಾ ನನ್ನ ಜೊತೆ ಅತ್ರು ಮೇಷ್ಟ್ರೇ. ನಂಗೂ ಅವರು ದೊಡ್ಡಜ್ಜಿನೇ; ದೊಡ್ಡಜ್ಜಿ ಸತ್ರೆ ರಜೆ ಕೊಡೋದು ನಿಯಮದಲ್ಲಿ ಇಲ್ಲ ಅಂದಿದ್ದಕ್ಕೆ, ಪ್ಯಾಸ್ಕೋ ಅಲ್ಲೇ ಕೂತು ಫೋನ್ ಮಾಡಿ ನಂಗೆ ರಜೆ ಕೊಡ್ಸಿದ. ನೀವೆಲ್ಲಿದ್ರಿ?"

"ಕಾರಿನಲ್ಲಿ."

"ಮೊಸರನ್ನಾನಾ?"

"ಮೊಸರನ್ನ."

ಅವಳಿಗೆ ನಗು ಬಂತು, ತಡೆದುಕೊಂಡಳು. ನನಗೆ ಬರಲಿಲ್ಲ.

ಮನೆಗೆ ಹೋಗಿ ಮಾತಾಡಲೇ ಎಂದೆ. ಬೇಡವೆಂದಳು. ಶೋಕದ ಮನೆಗೆ ಮೇಷ್ಟರು ಹೋಗಿ ನಿಂತರೆ ಅವರಿಗೇ ಸಂಕಟ. ಪರೀಕ್ಷೆ ಮುಂದಕ್ಕೆ ಹಾಕಿಸಲೇ ಎಂದು ಹುಡುಗಿಯನ್ನು ಆಗಲೇ ಕೇಳಿದ್ದಾಳೆ. ಬೇಡ ಎಂದಳಂತೆ. ಪರೀಕ್ಷೆಗೆ ಹೆದರಿಕೆಯಿಲ್ಲ, ಆ ಕೋಣೆಗೆ ಹೋಗಲಾರೆ ಎಂದಳಂತೆ.

"ಅವಳ ಚಿಕ್ಕಮ್ಮ ಜಾನೀಸ್ ಕ್ಯಾಂಟೀನಲ್ಲಿದಾಳೆ. ಬುಧವಾರ ಚಹಾಕ್ಕೆ ಬರ್ತಾಳೆ. ನೀವೂ ಬನ್ನಿ. ಬಂದು ಸುಮ್ನೆ ಕೂತ್ಕೊಳ್ಳಿ. ಪಾಠ ಮಾಡ್ಬೇಡಿ."

ಮನೆಗೆ ಬಂದವನೇ ಹಿಂದಿನ ಪುಟಗಳಲ್ಲಿ ಆ ಹೆಸರಿನ ಮೇಲೆ ಮಸಿ ಎಳೆದೆ. ಇದೇ ಪೆನ್ನಿನಲ್ಲಿ. ಬೋರ್ಡನ್ನು ಯಾರು ಒರೆಸಿದರೋ. ನಾನಂತೂ ಒರೆಸಿರಲಿಲ್ಲ.

ಮೇ 23, ಮಂಗಳವಾರ

ಪ್ಯಾಸ್ಕೋನ ಕೋಣೆಗೆ ಹೋಗಿ, ಸಭೆಯಲ್ಲಿ ನಾನು ಹೆಸರು ಓದುವುದಿಲ್ಲ ಎಂದೆ. ಮಕ್ಕಳೇ ಮೈಕಿನ ಮುಂದೆ ಬಂದು ತಮ್ಮನ್ನು ಏನೆಂದು ಕರೆಯಬೇಕೋ ಹೇಳಲಿ. ಹೇಳಲು ಇಷ್ಟವಿಲ್ಲದವರು ಸುಮ್ಮನೆ ನಿಲ್ಲಲಿ.

"ಒಳ್ಳೇ ಯೋಚನೆ ಸಾರ್! ಆದ್ರೆ ನಿಮಗೆ ಬೇಜಾರಿಲ್ವಾ?"

"ಇದೆ" ಎಂದೆ. ಸುಳ್ಳು ಹೇಳಲಿಲ್ಲ.

ಮೇ 24, ಬುಧವಾರ

ಚಹಾಕ್ಕೆ ಹೋದೆ. ಬಲೂನಿನ ಕೆಳಗೆ ಜಾನೀಸ್. ದಪ್ಪ ಹೆಂಗಸು, ತಲೆಗೆ ಉಣ್ಣೆ ಟೋಪಿ.

"ಓಹೋ, ದೊರೆಗಳು ಬಂದ್ರು! ಕಾರು ಕೆಟ್ಟೋಯ್ತಾ?"

ಕುಳಿತೆ. ತೆಂಗಿನತುರಿ ಮೆತ್ತಿದ ಕೇಕು ಕೊಟ್ಟಳು. ಒಣಗಿತ್ತು. ವರ್ನಾ ಹೇಳಿದಂತೆ ಸುಮ್ಮನಿದ್ದೆ. ಇದಕ್ಕಿಂತ ಕಷ್ಟದ ಕೆಲಸ ಬೇರೆ ಮಾಡಿಲ್ಲ. ಕೊನೆಗೆ ಅವಳೇ ಶುರು ಮಾಡಿದಳು.

"ನನ್ನ ಫೋನಿಗೆ ಶಾಲೆಯಿಂದ ಮೆಸೇಜು. ನಿಮ್ಮ ಹುಡುಗಿ ಕ್ಲಾಸಲ್ಲಿಲ್ಲ ಅಂತ. ಮತ್ತೊಂದು. ಇನ್ನೊಂದು. ನಾನು ಹೆಣದ ಮನೇಲಿ ಕೂತಿದೀನಿ. ಇವಳೂ ಎಲ್ಹೋದ್ಳಪ್ಪಾ ಅಂತ ಜೀವ ಬಾಯಿಗೆ ಬಂತು. ಎಲ್ಲಿದ್ಳು ಹೇಳಿ?"

"ನನ್ನ ಮುಂದೆಯೇ ಕುಳಿತಿದ್ದಳು."

"ಮೂಗಿನ ಕೆಳಗೆ!"

"ತಪ್ಪು ನನ್ನದು. ಅವಳಿಗೆ ಹೇಳಿ..."

"ನಾನೇನು ನಿಮ್ಮ ಪೋಸ್ಟ್‌ಮ್ಯಾನಾ?" ಕಪ್ಪು ಕೆಳಗಿಟ್ಟಳು. "ಸರಿ, ಏನಂತ ಕರೀತೀರಿ ಇನ್ಮೇಲೆ? ಅಂದು ತೋರ್ಸಿ."

"ಕುಮಂಜಾಯ್."

"ಜೋರಾಗಿ. ಮೂಗಲ್ಲಿ ಗೊಣಗ್ಬೇಡಿ."

ಇಡೀ ಸಿಬ್ಬಂದಿಯ ಮುಂದೆ ಮತ್ತೆ ಹೇಳಿದೆ. ಮತ್ತೊಮ್ಮೆ ಹೇಳಿಸಿದಳು.

"ಜಸ್ಟ್ ಪಾಸು" ಎಂದಳು. ಪ್ಯಾಸ್ಕೋ ಚಪ್ಪಾಳೆ ತಟ್ಟಲು ಹೋಗಿ, ವರ್ನಾಳ ಮುಖ ನೋಡಿ ಕೈ ಇಳಿಸಿದ. ಜಾನೀಸ್ ಕಿಟಕಿಯ ಕಡೆ ತಿರುಗಿದಳು. "ಊರ್ ತುಂಬಾ ಕುಮಂಜಾಯ್‌ಗಳೇ ಆಗೋದ್ರು ಮೇಷ್ಟ್ರೇ. ಒಬ್ರನ್ನ ಕರೆದ್ರೆ ಅರ್ಧ ಬೀದಿ ತಿರುಗಿ ನೋಡತ್ತೆ. ಅಷ್ಟು ಸಾವು."

ಅವಳೇ ನನ್ನ ತಟ್ಟೆಗೆ ಇನ್ನೊಂದು ಕೇಕು ಹಾಕಿದಳು. ತಿಂದೆ.

ಹುಡುಗಿ ಬರುತ್ತಾಳೋ ಇಲ್ಲವೋ ಎಂದು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೇ 25, ಗುರುವಾರ

ಕುರ್ಚಿ ಖಾಲಿ.

ಮೇ 26, ಶುಕ್ರವಾರ. ಪರೀಕ್ಷೆ ನಡೆಯುತ್ತಿದೆ

ಹಾಜರಿ ಕರೆದಾಯಿತು. ಅವಳ ಸಾಲು ಬಂದಾಗ ಕುಮಂಜಾಯ್ ಎಂದೆ. ಖಾಲಿ ಕುರ್ಚಿಗೆ ಹೇಳಿದಂತಾಯಿತು. ಡ್ವೇಯ್ನ್ ಕತ್ತೆತ್ತಿ ನನ್ನನ್ನು ನೋಡಿದ. ಇಂದು ಪೆನ್ನು ತಂದಿದ್ದಾನೆ. ಗೈರುಹಾಜರಿಯ ಗುರುತು ಹಾಕಲು ಕೈ ಬರಲಿಲ್ಲ. ಅವಳ ಹೆಸರಿನ ಮುಂದಿನ ಖಾನೆಯನ್ನು ಖಾಲಿ ಬಿಟ್ಟಿದ್ದೇನೆ. ನಿಯಮವಲ್ಲ.

ಕೂರಲಾಗುತ್ತಿಲ್ಲ. ಎದ್ದು ಓಡಾಡಿದರೆ ಮಕ್ಕಳ ಗಮನ ಕೆಡುತ್ತದೆ, ಅದಕ್ಕೆ ಬರೆಯುತ್ತಿದ್ದೇನೆ. ಹೊರಗೆ ಹೆದ್ದಾರಿಯಲ್ಲಿ ಉದ್ದದ ಟ್ರಕ್ಕು ಹಾದುಹೋಗಿ ಗಾಜು ಅದುರಿತು. ಕಾರಿಡಾರಿನಲ್ಲಿ ಹೆಜ್ಜೆ ಸಪ್ಪಳ — ಅಲ್ಲ, ತೋಟದವನು.

ಬಾಗಿಲು.

ಬಂದಳು. ಕೂದಲನ್ನು ಮೋಟಾಗಿ ಕತ್ತರಿಸಿಕೊಂಡಿದ್ದಾಳೆ, ಶೋಕಕ್ಕೆ. ಹೊಸ್ತಿಲಲ್ಲೇ ನಿಂತಳು. ತಡವೇಕೆ ಎಂದು ಕೇಳಲಿಲ್ಲ. ಕರೆದೆ. ಜಾನೀಸ್ ಕಲಿಸಿದಂತೆ, ಜೋರಾಗಿ. ಮೊದಲು ಬೋರ್ಡನ್ನು ನೋಡಿದಳು; ಅದರ ಮೇಲೆ ಏನೂ ಇರಲಿಲ್ಲ. ಆಮೇಲೆ ನನ್ನನ್ನು.

"ಹೂಂ."

ಸಾರ್ ಎನ್ನಲಿಲ್ಲ. ಸಾಕು.

ಪ್ರಶ್ನೆಪತ್ರಿಕೆ ಕೊಟ್ಟೆ. ಕಿಟಕಿಯ ಪಕ್ಕ ಕುಳಿತಳು. ಈಗ ಎದ್ದು ಮೇಜಿನ ಮುಂದೆ ಬಂದು ನಿಂತಿದ್ದಾಳೆ. ಪೆನ್ನು ತಂದಿಲ್ಲ. ಕೇಳುವುದೂ ಇಲ್ಲ, ಕೈ ಚಾಚಿದ್ದಾಳೆ ಅಷ್ಟೆ. ನನ್ನ ಬಳಿ ಇರುವುದು ಇದೊಂದೇ. ಈ ವಾಕ್ಯವನ್ನು ಮುಗಿಸಿಯಾದರೂ ಕೊಡೋಣವೆಂದರೆ, ಅವಳ ಸಮಯ